ಗರ್ಜನಸಿಂಗನ ತಮ್ಮ

ಬಿದಿರಿಗೆ ಅಡ್ಡಪಟ್ಟಿ ಕಟ್ಟುತ್ತಿದ್ದ ಚಂದಯ್ಯ ಶೆಟ್ಟರು ಹಗ್ಗದ ಗಂಟನ್ನು ಅರ್ಧಕ್ಕೇ ಬಿಟ್ಟು ತಲೆ ಎತ್ತಿದರು.

"ಎಂತ ಹೇಳ್ದೆ ನೀ? ಇನ್ನೊಂದ್ ಸಲ ಹೇಳ್ ಕಾಂಬ."

"ಗರ್ಜನಸಿಂಗನಿಗೆ ತಮ್ಮ ಇಲ್ಲೆ ಅಂದೆ," ಎಂದ ಬಸ್ಸಿನಲ್ಲಿ ಕೆಲಸ ಮಾಡುವ ಭೋಜ. ಚಟ್ಟದ ಇನ್ನೊಂದು ತುದಿ ಅವನ ಕೈಯಲ್ಲಿತ್ತು. "ಮಂಗ್ಳೂರಂಗೆ ಆ ಸಿನೆಮಾ ಕಂಡವ್ರೊಬ್ರ್ ನಮ್ ಬಸ್ಸಂಗೆ ಹೇಳ್ದ್ರ್. ತಮ್ಮನೂ ಇಲ್ಲೆ, ಗಿಮ್ಮನೂ ಇಲ್ಲೆ. ಇದ್ದದ್ ಒಬ್ನೇ ಅಂಬ್ರ್."

"ಹೆಣ ಚಾವಡಿಯಂಗೆ ಇತ್ತ್. ಇಲ್ಲಿ ಕೂಕಂಡ್ ಇಂಥಾ ಮಾತಾಡ್ತ್ಯಾ?"

"ನಾ ಸುರು ಮಾಡದ್ದಲ್ಲ ಮರ್ರೆ. ಗರ್ಜನಸಿಂಗನ ಸುದ್ದಿ ತೆಗ್ದದ್ ನೀವೇ."

ಅದು ನಿಜವೇ. ಶೆಟ್ಟರು ವಂಡ್ಸೆಯಿಂದ ಮೊದಲ ಬಸ್ಸು ಹಿಡಿದು, ಕುಂದಾಪುರದಲ್ಲಿ ಕಡವು ದಾಟಿ ಗಂಗೊಳ್ಳಿಗೆ ಬಂದಿದ್ದರು. ದುಗ್ಗಪ್ಪನ ಹೆಣದ ಬಳಿ ಸ್ವಲ್ಪ ಹೊತ್ತು ಕೂತು ಹೊರಗೆ ಬಂದ ಮೇಲೆ ಏನು ಮಾತಾಡುವುದೆಂದು ತೋಚಲಿಲ್ಲ. ದುಗ್ಗಪ್ಪನ ಬಗ್ಗೆ ಹೇಳಲಿಕ್ಕಾದರೂ ಏನಿತ್ತು? ಕಡವಿನ ದೋಣಿಗೆ ಹುಟ್ಟು ಹಾಕುತ್ತಿದ್ದ ಮನುಷ್ಯ. ಗದ್ದೆಯಿಲ್ಲ, ಜಗಳವಿಲ್ಲ, ಒಂದು ವ್ಯಾಜ್ಯವೂ ಇಲ್ಲ. ಹಾಗಾಗಿ ಮಾತು ತಾನಾಗಿ ಗರ್ಜನಸಿಂಗನ ಕಡೆಗೆ ಹರಿಯಿತು. ಅಂಗಳದಲ್ಲಿ ಸೇರಿದವರಲ್ಲಿ ಅರ್ಧಕ್ಕರ್ಧ ಜನ ದುಗ್ಗಪ್ಪನ ನೆಂಟರಾಗಿರಲಿಲ್ಲ, ಗರ್ಜನಸಿಂಗನ ಅಭಿಮಾನಿಗಳಾಗಿದ್ದರು.

ಗರ್ಜನಸಿಂಗ ಯಾರೆಂದು ಕೇಳಿದರೆ ಆ ಕಾಲದ ಕುಂದಾಪುರದಲ್ಲಿ ಜನ ನಕ್ಕುಬಿಡುತ್ತಿದ್ದರು. ಪ್ರತಿ ವರ್ಷ ದೀಪಾವಳಿ ಕಳೆದ ಮೇಲೆ ಪೇಟೆಯ ಹೊರಗಿನ ಬಯಲಿನಲ್ಲಿ ಸಿನೆಮಾ ಟೆಂಟು ಏಳುತ್ತಿತ್ತು. ಅಲ್ಲಿಗೆ ವರ್ಷಕ್ಕೊಂದು ಭಾಗದಂತೆ 'ಗಗನವೀರ' ಎಂಬ ಹಿಂದಿ ಚಿತ್ರ ಬರುತ್ತಿತ್ತು. ಗಗನವೀರ ಕರಿ ಮುಸುಕು ಹಾಕಿಕೊಂಡು ಗುಡ್ಡದಿಂದ ಗುಡ್ಡಕ್ಕೆ ಹಾರುವವ, ಓಡುವ ರೈಲನ್ನು ಒಂದೇ ಕೈಯಲ್ಲಿ ನಿಲ್ಲಿಸುವವ. ಅವನ ವೈರಿ ಗರ್ಜನಸಿಂಗ. ನೋಡುವವರಿಗೆ ಹಿಂದಿಯ ಗಂಧವೇ ಇರಲಿಲ್ಲ. ಅದಕ್ಕೇ ಮಾತುಗಳನ್ನು ಕನ್ನಡದಲ್ಲಿ ಹೇಳಲಿಕ್ಕೆ ಪರದೆಯ ಪಕ್ಕ ಬೆಂಚು ಹಾಕಿ, ಅದರ ಮೇಲೆ ತಗಡಿನ ತುತ್ತೂರಿ ಹಿಡಿದ ದುಗ್ಗಪ್ಪನನ್ನು ನಿಲ್ಲಿಸಿದ್ದರು. ಮುಂಬಯಿ ಕಂಡವ, ಹಿಂದಿ ಬಲ್ಲವ ಎಂದು ಅವನಿಗೆ ಆ ಕೆಲಸ ಸಿಕ್ಕಿತ್ತು. ಹಗಲು ದೋಣಿ, ಸಂಜೆ ಗರ್ಜನಸಿಂಗ. ಗಗನವೀರ ಸದಾ ಹಾರುತ್ತಲೇ ಇರುತ್ತಿದ್ದುದರಿಂದ ಅವನಿಗೆ ಮಾತು ಕಡಿಮೆ. ಮಾತೆಲ್ಲ ಖಳನದ್ದು, ಅಂದರೆ ದುಗ್ಗಪ್ಪನದ್ದು. ಜನ ಗಗನವೀರನನ್ನು ನೋಡಿದರು, ಗರ್ಜನಸಿಂಗನನ್ನು ಪ್ರೀತಿಸಿದರು.

"ಹ್ವಾಯ್ ರತ್ನ!" ಶೆಟ್ಟರು ಬೇಲಿಯ ದಣಪೆ ದಾಟಿ ಬರುತ್ತಿದ್ದ ರತ್ನಾಕರನನ್ನು ಕಂಡು ಕೂಗಿದರು. "ಸಮಾ ಹೊತ್ತಿಗೆ ಬಂದೆ ಕಾಣ್. ನೀ ಮುಂಬೈಯಂಗೆ ಗಗನವೀರ ಕಂಡಿದ್ಯಲೆ? ಈ ಭೋಜನಿಗೆ ಒಂಚೂರ್ ಹೇಳ್ ಮಾರಾಯಾ."

ರತ್ನಾಕರ ಅದೇ ಕೇರಿಯವ, ಮುಂಬಯಿಯ ಹೋಟೆಲಿನಲ್ಲಿ ಕೆಲಸ. ಹೋದ ವಾರವಷ್ಟೇ ರಜೆಯಲ್ಲಿ ಊರಿಗೆ ಬಂದಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ಮನೆಯ ಹಿಂದಿನಿಂದ ದುಗ್ಗಪ್ಪನ ಹೆಂಡತಿ ಸುಗುಣಳ ದನಿ ಕೇಳಿತು.

"ರತ್ನ, ಇಲ್ ಬಾ. ಮೀಯ್ಸುಕೆ ನೀರ್ ಎಳ್ದ್ ಕೊಡ್."

ಗಂಡ ಸತ್ತ ಹೆಂಗಸು ಚಾವಡಿ ಬಿಟ್ಟು ಬಾವಿಕಟ್ಟೆಗೆ ಬಂದದ್ದೇ ಸರಿಯಲ್ಲ. ಆದರೆ ಅವಳು ಬಂದು ನಿಂತಿದ್ದಳು. ರತ್ನಾಕರ ಕೊಡಪಾನ ಬಾವಿಗಿಳಿಸಿದ.

"ನೀ ಆ ಸಿನೆಮಾ ಕಂಡದ್ ಹೌದಾ?"

"ಹೌದ್, ಸುಗುಣಕ್ಕ."

"ತಮ್ಮ ಇದ್ನಾ?"

ರತ್ನಾಕರ ಹಗ್ಗ ಎಳೆಯುವುದನ್ನು ನಿಲ್ಲಿಸಿದ. "ಇಲ್ಲೆ."

"ನಂಗೊತ್ತಿತ್ತ್." ಸುಗುಣ ಚಾವಡಿಯ ಕಡೆ ಒಮ್ಮೆ ನೋಡಿ ದನಿ ಇಳಿಸಿದಳು. "ಅವ್ರಿಗೆ ಹಿಂದಿ ಬತ್ತಿರ್ಲಿಲ್ಲೆ ಮಗಾ. ಹಂಚಿನ ಮಚುವೆಯಂಗೆ ಮುಂಬೈಗೆ ಹೋದ್ದ್ ಹೌದ್. ಬಂದರಂಗೆ ಹಂಚ್ ಇಳ್ಸಿ, ಹಾಂಗೇ ವಾಪಾಸ್ ಬಂದ್ರ್. ಪಾನಿ, ಜಲ್ದಿ. ಎರಡೇ ಮಾತ್ ಗೊತ್ತಿದ್ದದ್. ಉಳ್ದದ್ದೆಲ್ಲ ದೋಣಿ ನೂಕುವತಿಗೆ ಮನ್ಸಂಗೆ ಕಟ್ಟದ್."

"ಹಾಂಗೇ ಕಾಣ್ತ್."

"ನೀ ಊರಿಗ್ ಬಂದೆ ಅಂದೇಳಿ ಕೇಂಡ್ ಹೆದ್ರಿದ್ರ್. ಜ್ವರ ಏರಿ ಮಲ್ಗಿದ್ರೂ ಅದೇ. ರತ್ನ ಎಲ್ಯಾರೂ ಎಂತಾರೂ ಹೇಳ್ದ್ನಾ ಅಂದೇಳಿ ನನ್ ಹತ್ರ ಕೇಂತಿದ್ರ್."

ರತ್ನಾಕರನಿಗೆ ಸುಳ್ಳಾಡುವ ಮನಸ್ಸಾಗಲಿಲ್ಲ. "ನಂಗೆ ಸಿಟ್ಟಿತ್ತ್, ಸುಗುಣಕ್ಕ. ಈಗ್ಳೂ ಇತ್ತ್."

"ಇರ್ಲಿ. ಇವತ್ತೊಂದಿನ ಹೇಳ್ಬೇಡ. ಅವ್ರಿಗೆ ಇದ್ದದ್ ಅದೊಂದ್ ಹೆಸ್ರ್. ಸರೋಜ ಬೈಂದೂರಿಂದ ಬತ್ತಾ ಇತ್ತ್. ಹಿಂದಿ ದುಗ್ಗಪ್ಪನ ಮಗ್ಳ್ ಅಂದೇಳಿ ಅದ್ರ ಗಂಡನ ಮನೆಯಂಗೆ ಎಷ್ಟ್ ಮರ್ಯಾದಿ. ಅಪ್ಪ ಸತ್ ದಿನ ಅದ್ ಈ ಮಾತ್ ಕೇಂಬುದ್ ಬೇಡ."

ರತ್ನಾಕರ ಕೊಡಪಾನ ತುಂಬಿಸಿ ಚಾವಡಿಯ ಬದಿಗೆ ಹೊತ್ತುಕೊಂಡು ಹೋದ.

*

ಇಸವಿ ಐವತ್ತೊಂಬತ್ತೋ ಅರವತ್ತೋ ಇರಬೇಕು, ಗಗನವೀರದ ಮೂರನೆಯ ಭಾಗ ಬಂದಿತ್ತು. ಚಿತ್ರದ ಪ್ರತಿ ಒಂದೇ, ಟೆಂಟು ಎರಡು. ಬ್ರಹ್ಮಾವರದಲ್ಲಿ ಓಡಿ ಮುಗಿದ ರೀಲುಗಳನ್ನು ಡಬ್ಬಿಯಲ್ಲಿ ಹಾಕಿ ಬಸ್ಸಿಗೆ ಏರಿಸುತ್ತಿದ್ದರು. ಕುಂದಾಪುರದ ಟೆಂಟಿನವರು ಬಂದ ಹಾಗೆ ಒಂದೊಂದನ್ನೇ ಓಡಿಸುತ್ತಿದ್ದರು. ಎಲ್ಲರಿಗೂ ಒಗ್ಗಿಹೋಗಿದ್ದ ಏರ್ಪಾಡು ಅದು. ಬಸ್ಸು ತಡವಾದರೆ ಜನ ಕಡಲೆ ತಿನ್ನುತ್ತಾ ಕಾಯುತ್ತಿದ್ದರು.

ಆ ದಿನ ಬಸ್ಸಿನವರು ನಡುವಿನ ಒಂದು ಡಬ್ಬಿಯನ್ನು ಬ್ರಹ್ಮಾವರದಲ್ಲೇ ಬಿಟ್ಟು ಕೊನೆಯ ಡಬ್ಬಿಯನ್ನು ತಂದರು. ಕಡಲೆ ಮುಗಿದು ಜನ ಸಿಳ್ಳೆ ಹಾಕತೊಡಗಿದ್ದರಿಂದ ಆಪರೇಟರು ಕೈಗೆ ಬಂದದ್ದನ್ನೇ ಓಡಿಸಿದ. ಗರ್ಜನಸಿಂಗ ಗುಡ್ಡದ ತುದಿಯಿಂದ ಬಿದ್ದು ಸತ್ತ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲಿನ ಬಸ್ಸಿಗೆ ಬಿಟ್ಟುಹೋದ ಡಬ್ಬಿ ಬಂತು. ಅದನ್ನೂ ಏರಿಸಿದಾಗ ಈಗಷ್ಟೇ ಸತ್ತ ಗರ್ಜನಸಿಂಗ ಬಿಳಿ ಕುದುರೆಯ ಮೇಲೆ ಕೂತು, ಹಲ್ಲು ಬಿಟ್ಟು ನಗುತ್ತಾ ಬಂದ.

ಟೆಂಟಿನಲ್ಲಿ ಗಲಾಟೆಯೋ ಗಲಾಟೆ. ಯಾರೋ ಬೆಂಚು ಮಗುಚಿದರು, ಇನ್ನಾರೋ ದುಡ್ಡು ವಾಪಸು ಕೊಡಿ ಎಂದು ಟೆಂಟಿನ ಹಗ್ಗಕ್ಕೇ ಕೈಹಾಕಿದರು.

ದುಗ್ಗಪ್ಪ ತುತ್ತೂರಿ ಎತ್ತಿದ.

"ಹ್ವಾಯ್, ಕೂಕಣಿ! ಸತ್ತದ್ ಗರ್ಜನಸಿಂಗ ಅಂದೇಳಿ ನಿಮ್ಗೆ ಯಾರ್ ಹೇಳ್ದ್ರ್? ಅದ್ ಅವನ ತಮ್ಮ. ಅವಳಿ. ಅಣ್ಣ ಬದ್ಕಲಿ ಅಂದೇಳಿ ಅಣ್ಣನ ಅಂಗಿ ಹಾಯ್ಕಂಡ್ ಬಂದವ. ಸಾಯುವತಿಗೆ ಅವ ಎಂತ ಹೇಳ್ದ ಗೊತ್ತಿತ್ತಾ? 'ಅಣ್ಣಯ್ಯಾ, ನಿನ್ ಸಾವ್ ನಾ ತಕಂಡೆ. ನೀ ಅಬ್ಬೆನ ಕಂಡ್ಕೋ' ಅಂದ."

ಹಗ್ಗ ಹಿಡಿದವರು ಹಗ್ಗ ಬಿಟ್ಟರು. ಹಾಗಾದರೆ ಅಣ್ಣ ನಗುವುದೇಕೆ ಎಂದು ಹಿಂದಿನಿಂದ ಒಬ್ಬ ಕೇಳಿದ. "ದುಃಖ ತಲೆಗೆ ಏರ್ರೆ ಹಾಂಗೇ ನಗಾಡುದ್," ಎಂದು ದುಗ್ಗಪ್ಪ ಹೇಳಿದ. ಕುದುರೆ ಮೇಲೆ ನಗುತ್ತಿರುವ ಅಣ್ಣನನ್ನು ಕಂಡು ಇಡೀ ಟೆಂಟು ಅತ್ತಿತು. ಮುಂದೆ ಮರಳಿನ ಮೇಲೆ ಕೂತಿದ್ದ ರತ್ನಾಕರನೂ ಅತ್ತ. ಮರುವರ್ಷದ ಭಾಗದಲ್ಲಿ ಬೇರೊಬ್ಬ ಖಳ ಬಂದಾಗ ದುಗ್ಗಪ್ಪ ಅವನನ್ನೂ ಗಡ್ಡ ಬಿಟ್ಟ ಗರ್ಜನಸಿಂಗ ಎಂದ. ಜನ ಒಪ್ಪಿದರು.

*

ಮುಂಬಯಿಗೆ ಹೋದ ಎರಡನೆಯ ವರ್ಷ ರತ್ನಾಕರನಿಗೆ ಹಳೆಯ ಗಗನವೀರ ಮತ್ತೆ ಬಂದದ್ದು ತಿಳಿಯಿತು. ಹೋಟೆಲಿನ ಜೊತೆಗಾರರನ್ನೆಲ್ಲ ಕರೆದುಕೊಂಡು ಹೋದ. ತಮ್ಮ ಬರುತ್ತಾನೆ, ಕಾಯಿರಿ ಎಂದು ದಾರಿಯುದ್ದಕ್ಕೂ ಹೇಳಿದ. ಗರ್ಜನಸಿಂಗ ಗುಡ್ಡದ ತುದಿಯಲ್ಲಿ ಗಗನವೀರನ ಕಾಲು ಹಿಡಿದು ನನ್ನನ್ನು ಬಿಟ್ಟುಬಿಡು ಎಂದು ಗೋಗರೆದು, ಜಾರಿ ಬಿದ್ದು ಸತ್ತ. ದೀಪ ಹತ್ತಿತು. ತಮ್ಮ ಬರಲಿಲ್ಲ. ಜನ ಎದ್ದು ಹೋದರೂ ರತ್ನಾಕರ ಕೂತೇ ಇದ್ದ.

ಜೊತೆಗಾರರು ಬಹಳ ದಿನ ಆಡಿಕೊಂಡರು. ಲೋಟ ಒಡೆದರೆ ನೀನಲ್ಲ ನಿನ್ನ ತಮ್ಮ ಒಡೆದದ್ದು ಎನ್ನುವರು. ಅದನ್ನೆಲ್ಲ ಅವನು ಹೇಗೋ ತಡೆದುಕೊಂಡ. ದುಗ್ಗಪ್ಪ ಸುಳ್ಳು ಹೇಳಿದ್ದಕ್ಕೆ ಸಿಟ್ಟೋ, ತಮ್ಮನೇ ಇಲ್ಲವಲ್ಲ ಎಂಬ ಸಿಟ್ಟೋ, ಅದು ಮಾತ್ರ ಅವನಿಗೇ ತಿಳಿಯಲಿಲ್ಲ. ಊರಿಗೆ ಬಂದಾಗಲೆಲ್ಲ ದುಗ್ಗಪ್ಪನ ದೋಣಿ ತಪ್ಪಿಸಿ ಇನ್ನೊಬ್ಬರ ದೋಣಿಯಲ್ಲಿ ಕಡವು ದಾಟುತ್ತಿದ್ದ.

*

ಸರೋಜ ಗಂಡನ ಜೊತೆ ಬಂದು ಅಪ್ಪನ ಕಾಲ ಮೇಲೆ ಬಿದ್ದು ಅತ್ತಳು. ಮೀಯಿಸುವುದು, ಗಂಧ ಹಚ್ಚುವುದು, ಬಾಯಿಗೆ ತುಳಸಿ ನೀರು ಬಿಡುವುದು ಒಂದೊಂದಾಗಿ ಮುಗಿಯಿತು. ಹೆಣ ಏಳುವ ತನಕ ಕೇರಿಯಲ್ಲಿ ಯಾರೂ ಒಲೆ ಹಚ್ಚುವಂತಿಲ್ಲವಾದ್ದರಿಂದ ಬೆಳಗಿನಿಂದ ಒಬ್ಬರ ಬಾಯಿಗೂ ಚಹಾ ಬಿದ್ದಿರಲಿಲ್ಲ. ಜಾತಿಯ ಹಿರಿಯರಾದ ಗುರಿಕಾರರು ಬಂದು ಮೆಟ್ಟಿಲ ಬಳಿ ನಿಂತರು. ಹರೆಯದಲ್ಲಿ ಅವರೂ ಮುಂಬಯಿಯ ಹೋಟೆಲುಗಳಲ್ಲಿ ದುಡಿದವರೇ, ಆದರೆ ಸಿನೆಮಾ ಎಂದರೆ ಮೂಗು ಮುರಿಯುವವರು. ಹೆಣವನ್ನು ಚಟ್ಟದ ಮೇಲೆ ಮಲಗಿಸಿದ್ದೇ ಭೋಜ ಹೆಗಲು ಕೊಡಲು ಬಗ್ಗಿದ.

ಚಂದಯ್ಯ ಶೆಟ್ಟರು ಅಡ್ಡ ನಿಂತರು. "ನಿನ್ ಹೆಗಲ್ ಬೇಡ. ದುಗ್ಗಪ್ಪನ್ನ ಸುಳ್ಳ ಅಂದವ ನೀ."

"ನಾ ಸುಳ್ಳ ಅಂದಿಲ್ಲೆ!" ಭೋಜನ ಮುಖ ಕೆಂಪಾಯಿತು. "ತಮ್ಮ ಇಲ್ಲೆ ಅಂದೇಳಿ ಕೇಂಡದ್ ಹೇಳ್ದೆ, ಅಷ್ಟೇ. ಅವತ್ ಟೆಂಟಂಗೆ ನಾನೂ ಅತ್ತಿದ್ದೆ ಮರ್ರೆ. ನನ್ ಅಣ್ಣಯ್ಯ ಅದೇ ವರ್ಷ ದೋಣಿ ಮಗುಚಿ ಹೋದ್ದ್, ನಿಮ್ಗೂ ಗೊತ್ತಿತ್ತ್. ಆ ತಮ್ಮ ನಾನೇ ಅಂದೇಳಿ ಎಣ್ಸ್ಕಂಡ್ ಅತ್ತದ್ ನಾ. ಸುಮ್ಸುಮ್ನೆ ಅತ್ತದ್ದಾ? ನಂಗೆ ಅದೊಂದ್ ಗೊತ್ತಾಗ್ಬೇಕ್."

ಸರೋಜ ಅಳು ನಿಲ್ಲಿಸಿ ತಲೆ ಎತ್ತಿದಳು. ಸುಗುಣ ಕಂಬ ಹಿಡಿದುಕೊಂಡಳು.

"ಇಕಾ ರತ್ನ ಇದ್ದ, ಕೇಣ್," ಎಂದರು ಶೆಟ್ಟರು. "ರತ್ನ, ತಮ್ಮ ಇದ್ನಾ ಇಲ್ಯಾ?"

ಅಂಗಳದವರೆಲ್ಲ ಅವನ ಕಡೆ ತಿರುಗಿದರು. ರತ್ನಾಕರ ಸುಗುಣಳನ್ನು ನೋಡಲಿಲ್ಲ. ಅವನು ಭೋಜನನ್ನೇ ನೋಡುತ್ತಿದ್ದ. ಮುಂಬಯಿಯ ಥಿಯೇಟರಿನಲ್ಲಿ ದೀಪ ಹತ್ತಿದ ಮೇಲೂ ಕೂತಿದ್ದಾಗ ತಾನು ಕೇಳಬೇಕೆಂದಿದ್ದದ್ದೂ ಇದೇ, ಸುಮ್ಮನೆ ಅತ್ತದ್ದಾ ಎಂಬ ಪ್ರಶ್ನೆಯೇ ಎಂದು ಈಗ ಗೊತ್ತಾಯಿತು.

"ಇದ್ದ," ಎಂದ.

"ಕೇಂಡ್ಯಾ?" ಎಂದರು ಶೆಟ್ಟರು.

ಭೋಜ ಸುಲಭಕ್ಕೆ ಬಿಡುವವನಲ್ಲ. "ಹಾಂಗಾರೆ ಸಾಯುವತಿಗೆ ಅವ ಎಂತ ಅಂದ? ಹಿಂದಿಯಂಗೆ ಹೇಳ್, ರತ್ನ. ಗುರಿಕಾರ್ರಿಗೆ ಹಿಂದಿ ಬತ್ತ್. ಸರಿಯಾ ತಪ್ಪಾ ಅಂದೇಳಿ ಅವ್ರೇ ಹೇಳ್ಲಿ."

ರತ್ನಾಕರನಿಗೆ ಹಿಂದಿ ನೀರು ಕುಡಿದಷ್ಟು ಸಲೀಸು. ಅಣ್ಣ, ಸಾವು, ಅಮ್ಮ, ಎಲ್ಲ ಮಾತೂ ಗೊತ್ತು. ಆದರೆ ಅಷ್ಟು ಜನರ ಕಣ್ಣು, ಎದುರಿಗೆ ಹೆಣ, ಬೆಳಗಿನಿಂದ ಖಾಲಿ ಹೊಟ್ಟೆ. ಒಂದು ಮಾತೂ ನಾಲಿಗೆಗೆ ಬರಲಿಲ್ಲ. ಕಣ್ಣು ಮುಚ್ಚಿದ. ದಿನ ಬೆಳಗಾದರೆ ಹೋಟೆಲಿನಲ್ಲಿ ಒಳಗಿನ ಒಲೆಯವನಿಗೆ ಕೂಗಿ ಕೂಗಿ ರೂಢಿಯಾದದ್ದೇ ಬಾಯಿಗೆ ಬಂತು.

"ಏಕ್ ಮೇಂ ಶಕ್ಕರ್ ಕಮ್... ದೂಸ್ರಾ ಕಡಕ್... ಪಾನಿ... ಪಾನಿ ಬಾದ್ ಮೇಂ ದೇನಾ."

ಒಂದು ಚಹಾಕ್ಕೆ ಸಕ್ಕರೆ ಕಡಿಮೆ, ಇನ್ನೊಂದು ಖಡಕ್ಕು, ನೀರು ಆಮೇಲೆ ಕೊಡು. ಅಷ್ಟು ಹೇಳುವಷ್ಟರಲ್ಲಿ ರತ್ನಾಕರ ನಿಜಕ್ಕೂ ಅಳುತ್ತಿದ್ದ. ಚಂದಯ್ಯ ಶೆಟ್ಟರು ಹೆಗಲ ಮೇಲಿನ ಬೈರಾಸು ತೆಗೆದು ಮುಖಕ್ಕೆ ಹಿಡಿದುಕೊಂಡರು. ಭೋಜ ಗುರಿಕಾರರ ಕಡೆ ತಿರುಗಿದ.

ಗುರಿಕಾರರು ರತ್ನಾಕರನನ್ನು ನೋಡಿದರು, ಕಂಬಕ್ಕೆ ಆತುಕೊಂಡ ಸುಗುಣಳನ್ನು ನೋಡಿದರು. ಆಮೇಲೆ ಚಟ್ಟದ ಮೇಲಿದ್ದ ದುಗ್ಗಪ್ಪನನ್ನು ಸ್ವಲ್ಪ ಹೊತ್ತು ನೋಡಿದರು.

"ಸರಿ ಇತ್ತ್," ಎಂದರು. "ಹಿಂದಿಯಂಗೆ ಹಾಂಗೇ ಹೇಳುದ್. ಎತ್ತಿ."

ಭೋಜ ಮುಂದಿನ ಹೆಗಲು ಕೊಟ್ಟ. ಶೆಟ್ಟರು ಈ ಸಲ ಅಡ್ಡ ಬರಲಿಲ್ಲ, ಅವನ ಪಕ್ಕದಲ್ಲೇ ತಾವೂ ಹೆಗಲು ಕೊಟ್ಟರು. ರತ್ನಾಕರ ಹಿಂದೆ ನಿಂತ. ಚಟ್ಟ ದಣಪೆ ದಾಟಿ ಕಡಲ ಬದಿಯ ಮರಳ ದಾರಿಗೆ ಇಳಿಯಿತು. ಮರೆತುಹೋದೀತೆಂಬ ಹೆದರಿಕೆಯಿಂದ ಭೋಜ ಹೆಜ್ಜೆಗೊಂದರಂತೆ ಗುನುಗುತ್ತಿದ್ದ: ಏಕ್ ಮೇಂ ಶಕ್ಕರ್ ಕಮ್, ದೂಸ್ರಾ ಕಡಕ್. ಶೆಟ್ಟರು ಅವನ ಬಾಯಿ ನೋಡಿ ಕಲಿತುಕೊಂಡರು. ತೆಂಗಿನ ಸಾಲು ಮುಗಿಯುವಷ್ಟರಲ್ಲಿ ಹಿಂದೆ ಬರುತ್ತಿದ್ದವರೂ ದನಿಗೂಡಿಸಿದ್ದರು. ಒಬ್ಬರು ತಪ್ಪಿದರೆ ಇನ್ನೊಬ್ಬರು ಮೆಲ್ಲಗೆ ತಿದ್ದುತ್ತಾ, ತಲೆ ತಗ್ಗಿಸಿಕೊಂಡು, ಅವರು ದುಗ್ಗಪ್ಪನನ್ನು ಹೊತ್ತುಕೊಂಡು ಹೋದರು.