ಹಿಂದಿನ ಕಸ

"ಏಯ್, ಕಾರಿಗೆ ಯಾಕಲೇ ಒರಗ್ತೀಯ, ಬೋಳಿಮಗನೆ! ನಿಮ್ಮಪ್ಪಂದಾ ಅದು?"

ನಾನು ಒರಗಿರಲಿಲ್ಲ, ಅದರ ನೆರಳಿಗೆ ನಿಂತಿದ್ದೆ ಅಷ್ಟೆ. ಆದರೂ ಸರಿದು ಬಿಸಿಲಿಗೆ ನಿಂತೆ. ಕೆಲಸ ಬೇಕಿತ್ತಲ್ಲ! ಪಿ.ಜೆ. ಬಡಾವಣೆಯ ಹಳೆಯ ಮಳಿಗೆ ಸಾಲನ್ನು ಕೆಡವಿ ಮಾಲ್ ಎಬ್ಬಿಸಲು ಹೊರಟಿದ್ದ ಮಾಲೀಕ ಅಂಜನ್ ಕುಮಾರ್, ಗುತ್ತಿಗೆ ಮಾತಾಡಲು ಕುರ್ಚಿ ಹಾಕಿಸಿಕೊಂಡು ಕೂತಿದ್ದ; ಕೂಗಿದವನೂ ಅವನೇ. ನಮ್ಮನ್ನು ಕರೆತಂದಿದ್ದ ಗುತ್ತಿಗೆದಾರ ಯೋಗರಾಜ ಹರಿಹರದವನು. ಮಳಿಗೆಗಳ ಹಿಂಗೋಡೆ ಕಾಂಪೌಂಡಿಗೆ ಬೇಕು, ಅದನ್ನು ಮುಟ್ಟುವುದಿಲ್ಲ ಎಂದು ಅವನು ಮೊದಲೇ ಹೇಳಿದ್ದ. ಆ ಗೋಡೆಗೆ ಹೊಂದಿಸಿ ಮೂರು ಕಡೆ ತಗಡು ಕಟ್ಟಿಕೊಂಡು ವಾಸವಾಗಿದ್ದವರು ನಾನು, ನಮ್ಮವ್ವ.

"ಕಬ್ಬಿಣ, ಬಾಗ್ಲು ಎಲ್ಲಾ ನೀನೇ ತಗಾ," ಎಂದ ಅಂಜನ್ ಕುಮಾರ್. "ಆದ್ರೆ ಹಿಂದಿನ ಕಸಾನೂ ತೆಗೀಬೇಕು. ಮೊದ್ಲು ಬಂದ ಕಂಟ್ರಾಕ್ಟರು ಅದಕ್ಕೇ ಹಿಂದೇಟು ಹಾಕಿದ್ರು."

ಯೋಗರಾಜ ತಲೆ ಕೆರೆದುಕೊಂಡ. ಕೆಲಸ ಕೈತಪ್ಪಿತಲ್ಲಪ್ಪಾ ಎಂದುಕೊಂಡೆ. ನಡುವೆ ಬಾಯಿ ಹಾಕಿದೆ.

"ಕಸ ಏನ್ ಮಹಾ ಸಾವ್ಕಾರ್ರೆ! ನಾವೇ ಗುಡಿಸಿ ಹಾಕ್ತೀವಿ ಬಿಡ್ರಿ. ಒಂದು ಕಡ್ಡಿ ಉಳಿಸಲ್ಲ."

ಅಂಜನ್ ಕುಮಾರ್ ಮೊದಲ ಸಲ ನನ್ನ ಮುಖ ನೋಡಿ ನಕ್ಕ. "ಇವನಿಗಿರೋ ಧೈರ್ಯ ಅವ್ರಿಗಿಲ್ಲ ನೋಡು!"

ಗುತ್ತಿಗೆ ನಮ್ಮದಾಯಿತು. ಸಂಜೆ ಅವ್ವನಿಗೆ ಮಂಡಕ್ಕಿ, ಮಿರ್ಚಿ ಕಟ್ಟಿಸಿಕೊಂಡು ಹೋದೆ. ಮಗ ಸಾಹುಕಾರರ ಎದುರು ಮಾತಾಡಿದನೆಂದು ಅವಳಿಗೆ ಹಿಗ್ಗೋ ಹಿಗ್ಗು.

ತಾರಸಿ ಬಿತ್ತು. ಮಳಿಗೆಗಳೂ ಬಿದ್ದವು. ಹಿಂಗೋಡೆಯೊಂದೇ ಉಳಿದ ದಿನ ಅಂಜನ್ ಕುಮಾರ್ ನೋಡಲು ಬಂದ. ನಾನು ಬುಟ್ಟಿ ಹಿಡಿದು ಹೋಗಿ ಕೇಳಿದೆ.

"ಎಲ್ಲಾ ಆತ್ರಿ. ಆ ಕಸ ಎಲ್ಲೈತ್ರಿ?"

ಅವನು ಗೋಡೆಯ ಕಡೆ ಗದ್ದ ಎತ್ತಿದ. ಆಚೆಯಿಂದ ಒಲೆಯ ಹೊಗೆ ಏಳುತ್ತಿತ್ತು.

"ಹೊಗೆ ಬರ್ತೈತಲ್ಲ, ಅದೇ. ಗ್ವಾಡೆ ಸಮೇತ ತೆಗೀರಿ."

"ಅದು ನಮ್ಮನೆ ಸಾವ್ಕಾರ್ರೆ! ನಮ್ಮವ್ವ ಐದಾಳೆ ಅಲ್ಲಿ!"

"ಒಂದು ಕಡ್ಡಿ ಉಳಿಸಲ್ಲ ಅಂತ ನೀನೇ ಅಂದ್ಯಲ್ಲಲೇ?"

ಪಕ್ಕದಲ್ಲೇ ನಿಂತಿದ್ದ ಯೋಗರಾಜನ ಕೊರಳಪಟ್ಟಿ ಹಿಡಿದೆ. "ನಿನಗೆ ಗೊತ್ತಿತ್ತೇನಲೇ, ಸೂಳೆಮಗನೆ?"

ಅವನು ಬಿಡಿಸಿಕೊಳ್ಳಲಿಲ್ಲ. "ಹೂಂ. ನೀನೇ ಒಪ್ಕಂಡ್ಯಲ್ಲ, ನಾನ್ಯಾಕ ಬಾಯಿ ಬಿಡ್ಲಿ? ನೀನು ಹೊಡೀದಿದ್ರೆ ಜೆಸಿಬಿ ಹೊಡೀತೈತೆ, ಪರಶುರಾಮ. ಪಾತ್ರೆನಾದ್ರೂ ಎತ್ಕಳಾಕೆ ಹೇಳ್ಹೋಗು."

ಅಲ್ಲೇ ಬಿದ್ದಿದ್ದ ಸುತ್ತಿಗೆಯನ್ನು ಎತ್ತಿ ಅಂಜನ್ ಕುಮಾರನ ಕಾಲ ಬಳಿ ಎಸೆದೆ. ಅವನೇನೂ ಬೆದರಲಿಲ್ಲ. ಫೋನ್ ತೆಗೆದ. ಪಕ್ಕದೂರು ಬಾತಿ ಕಡೆಯಿಂದ ಜೆಸಿಬಿ ಬರುವುದಕ್ಕೆ ಎಷ್ಟು ಹೊತ್ತು ಬೇಕು?

ನಾನು ಮನೆಗೆ ಓಡಿದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಎದ್ದೇಳವ್ವಾ! ಗ್ವಾಡೆ ಕೆಡವ್ತಾರೆ."

"ಗ್ವಾಡೆ ಮುಟ್ಟಲ್ಲ ಅಂದಿದ್ರಲ್ಲ? ಯಾರು ಒಪ್ಕಂಡ್ರು ಇದಕ್ಕೆ?"

"ನಾನೇ."

ಹೇಗಾಯಿತೆಂದು ಹೇಳಿದೆ. ಕಸ ಎಂಬ ಮಾತು ಬಾಯಿಂದ ಹೊರಡುವಾಗ ನಾಲಿಗೆ ಕಿತ್ತು ಬಿಸಾಡುವಷ್ಟು ನಾಚಿಕೆಯಾಯಿತು. ಅವ್ವ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಇನ್ನೊಂದು ಉಂಡೆ ಹಿಟ್ಟು ತೆಗೆದುಕೊಂಡು ಮತ್ತೆ ಬಡಿಯತೊಡಗಿದಳು.

ಆಚೆ ಜೆಸಿಬಿ ಗುಡುಗಿತು. ಗೋಡೆ ಒಮ್ಮೆ ಅದುರಿ, ಮಸಿ ಉದುರಿ ಹಂಚಿನ ಮೇಲಿದ್ದ ರೊಟ್ಟಿಗೆ ಬಿತ್ತು. ಅವ್ವ ಉಫ್ ಎಂದು ಊದಿ, ಮಗುಚಿ ಹಾಕಿದಳು.

"ಪರಶುರಾಮಾ, ಅವ್ವನ್ನ ಕರ್ಕಂಡು ಬಾರಲೇ ಹೊರಗೆ!" ಎಂದು ಯೋಗರಾಜ ಕೂಗುತ್ತಿದ್ದ.

"ಕೂತ್ಕ," ಎಂದಳು ಅವ್ವ, ತಟ್ಟೆ ನನ್ನ ಮುಂದೆ ಸರಿಸಿ. "ಬಿಸಿ ಐತೆ, ಉಣ್ಣು."

ನಾನು ಗೋಡೆಗೆ ಬೆನ್ನು ಒರಗಿಸಿ ಕೂತೆ.