ಎರಡು ಮೊಳೆ

"ಆ ಮೊಳೆಗೆ ಐದು, ಈ ಮೊಳೆಗೆ ಮೂರು. ಅದ್ಯಾಕಂಗೆ?" ಎಂದಳು ಭಾಗ್ಯಮ್ಮ, ಒರಳುಕಲ್ಲಿನ ಮೇಲೆ ಕೂತಲ್ಲಿಂದಲೇ.

ಹುಣಸೆಮರದ ಬುಡದಲ್ಲಿ ಜೀಪಿನ ಹಿಂಭಾಗವನ್ನು ಸೈಜುಗಲ್ಲುಗಳ ಮೇಲೆ ಎತ್ತಿ ನಿಲ್ಲಿಸಲಾಗಿತ್ತು. ಅದರ ಅಡಿಯಿಂದ ತೆವಳಿಕೊಂಡು ಈಚೆಗೆ ಬಂದ ಮುನಿಯಣ್ಣ ಮರಕ್ಕೆ ಹೊಡೆದಿದ್ದ ಎರಡು ಮೊಳೆಗಳಿಗೆ ಉಕ್ಕಿನ ತೆಳು ಬಳೆಗಳನ್ನು ಒಂದೊಂದಾಗಿ ನೇತುಹಾಕುತ್ತಿದ್ದ. ಕೂಸಿನ ಕೈಬಳೆಯಷ್ಟು ಅಗಲ, ಕಾಗದದಷ್ಟು ತೆಳುವು. ಬೇರಿಂಗಿನ ಸಂದು ತುಂಬಲು ಕೊಡುವ ಈ ಬಳೆಗೆ ಶಿಮ್ಮು ಅಂತ ಹೆಸರು.

"ಎಡಗಡೆಗೆ ಮೂರು, ಬಲಗಡೆಗೆ ಐದು ಬೇಕಾಯ್ತು ಅತ್ತಿಗೆ. ಬೆಳಗ್ಗೆಯಿಂದ ಹಾಕಿ ತೆಗೆದು, ಹಾಕಿ ತೆಗೆದು ಈಗ ಸರಿಯಾಗಿ ಕೂತ್ಕೊಂಡಿದೆ. ಒಳಗೆ ಉಜ್ಜಿ ಸಡ್ಲ ಮಾಡಿರೋ ಹಳೇ ಬೇರಿಂಗ್ ಹಾಕಿ ಅಳತೆ ನೋಡಿದ್ದು. ನಾಳೆ ಇದೇ ಶಿಮ್ ಹಾಕಿ ಹೊಸ ಬೇರಿಂಗ್ ಬಡಿದು ಕೂರಿಸಿದ್ರೆ ಮುಗೀತು."

ಮುಖ ನೋಡದೆ ಹೇಳಿದ. ಮುಖ ನೋಡದೆ ಮಾತಾಡುವವನ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂಬುದು ಭಾಗ್ಯಮ್ಮನ ಸಿದ್ಧಾಂತ. ಮುಖ ನೋಡಿ ಮಾತಾಡುವವರ ಬಗ್ಗೆಯೂ ಅವಳಿಗೆ ಅಂಥ ಒಳ್ಳೆಯ ಅಭಿಪ್ರಾಯವೇನೂ ಇರಲಿಲ್ಲ, ಆ ಮಾತು ಬೇರೆ.

ಮುನಿಯಣ್ಣ ಅವಳ ಗಂಡ ಗೋಪಾಲಪ್ಪನ ಒಡಹುಟ್ಟಿದ ತಮ್ಮ. ಮಿಲಿಟರಿ ವರ್ಕ್‌ಶಾಪಿನಲ್ಲಿ ಜೀಪುಗಳನ್ನು ಬಿಚ್ಚಿ ಕಟ್ಟಿದವನು. ಸರ್ವಿಸು ಮುಗಿಸಿ ಬಂದ ಮೇಲೆ ಮನೆ ಭಾಗವಾಯಿತು. ಭಾಗದ ದಿನ ಅತ್ತೆಯ ಕಾಲದ ತಾಮ್ರದ ಹಂಡೆ ಕಾಣಲಿಲ್ಲ. ಭಾಗ್ಯಮ್ಮ ಹತ್ತು ಜನರ ಎದುರಿಗೆ ಮೈದುನನ ಕಡೆ ಕೈ ತೋರಿಸಿಬಿಟ್ಟಳು. ಹಂಡೆ ಎಲ್ಲಿ ಹೋಯಿತೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಮುನಿಯಣ್ಣ ಕಾಡುಗೋಡಿಯ ರೈಲ್ವೆ ಸ್ಟೇಷನ್ನಿನ ಹತ್ತಿರ ಒಂದು ಶೆಡ್ಡು ಹಾಕಿಕೊಂಡ, ಮತ್ತೆ ವರ್ತೂರಿನ ಈ ಅಂಗಳಕ್ಕೆ ಕಾಲಿಟ್ಟಿರಲಿಲ್ಲ.

ಈಗ ಬಂದದ್ದು ಅಣ್ಣನೇ ಹೋಗಿ ಕರೆದದ್ದಕ್ಕೆ. ಬಂದರೂ ಊಟವನ್ನು ಟಿಫನ್ ಕ್ಯಾರಿಯರಿನಲ್ಲಿ ತಂದುಕೊಂಡ, ಕುಡಿಯುವ ನೀರನ್ನು ಕೂಡ ಬಾಟಲಿಯಲ್ಲಿ ತಂದ. ನಾನೇನು ವಿಷ ಹಾಕ್ತೀನಾ ಎಂದು ಭಾಗ್ಯಮ್ಮ ಒಳಗೊಳಗೇ ಕುದಿದಳು.

ಎಮರ್ಜೆನ್ಸಿ ಮುಗಿದ ಮರುವರ್ಷ ಅದು. ವೈಟ್‌ಫೀಲ್ಡ್ ಕಡೆ ಕಾರ್ಖಾನೆಗಳ ಕಾಂಪೌಂಡುಗಳು ಏಳುತ್ತಿದ್ದವು, ಇಟ್ಟಿಗೆಗೆ ಎಲ್ಲಿಲ್ಲದ ಬೇಡಿಕೆ. ಕೆರೆಯಂಗಳದ ಜೇಡಿಮಣ್ಣನ್ನು ಗೂಡಿಗೆ ಹೊಡೆಯುವ ಕೆಲಸವನ್ನು ಗೂಡಿನ ಯಜಮಾನ ಚಿಕ್ಕಬೈರಪ್ಪ ಗೋಪಾಲಪ್ಪನಿಗೆ ಕೊಡಲು ಒಪ್ಪಿದ್ದ. ಆದರೆ ಮಿಲಿಟರಿ ಹರಾಜಿನಲ್ಲಿ ತಂದ ಆ ಹಳೇ ಜೀಪು ನಾಲ್ಕೂ ಚಕ್ರಕ್ಕೆ ಎಳೆತವಿದೆ ಎಂದು ಹೆಸರಿಗೆ ಮಾತ್ರ. ಟ್ರೈಲರ್ ಕಟ್ಟಿಕೊಂಡು ಕೆಸರಿಗಿಳಿದರೆ ಮುಂದೊಂದು ಹಿಂದೊಂದು ಚಕ್ರ ಗರಗರ ತಿರುಗುತ್ತಿದ್ದವು, ಮಿಕ್ಕೆರಡು ಮದುವೆಮನೆಗೆ ಬಂದ ಬೀಗರ ಹಾಗೆ ಸುಮ್ಮನಿರುತ್ತಿದ್ದವು. ಜೀಪು ಮೇಲೆ ಹತ್ತದಿದ್ದರೆ ಕೆಲಸ ಟ್ರ್ಯಾಕ್ಟರಿನವನಿಗೆ ಎಂದು ಚಿಕ್ಕಬೈರಪ್ಪ ಆಗಲೇ ಹೇಳಿಬಿಟ್ಟಿದ್ದ. ಬರುವ ಮಾಘದಲ್ಲಿ ಮಗಳ ಮದುವೆ. ಗೋಪಾಲಪ್ಪ ನಂಬಿದ್ದು ಈ ಜೀಪನ್ನೇ.

"ಹಿಂದಿನ ಆಕ್ಸಲ್ ಒಳಗಿರೋ ಸ್ಟಾರ್ ಗೇರ್ ತೆಗೆದು ಲಾಕರ್ ಹಾಕ್ತೀನಿ ಅಣ್ಣ. ಆಮೇಲೆ ಒಂದು ಚಕ್ರ ಜಾರಿದ್ರೂ ಇನ್ನೊಂದು ಬಿಡಲ್ಲ, ಎರಡೂ ಒಟ್ಟಿಗೆ ಎಳೀತವೆ" ಎಂದಿದ್ದ ಮುನಿಯಣ್ಣ. ಲಾಕರನ್ನು ಮಿಲಿಟರಿ ಸಾಮಾನು ಮಾರುವ ಯಾವನೋ ಡಿಸ್ಪೋಸಲ್ ವ್ಯಾಪಾರಿಯ ಹತ್ತಿರ ಹುಡುಕಿ ತಂದಿದ್ದ. ಮರದ ಪೆಟ್ಟಿಗೆಯ ಮೇಲೆ ಇಂಗ್ಲಿಷ್ ಅಕ್ಷರ, ಒಳಗೆ ಗ್ರೀಸು ಬಳಿದ ಹೊಳೆಯುವ ಸಾಮಾನು. ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ಭಾಗ್ಯಮ್ಮ ಉಗುರಿನಿಂದ ಕೆರೆದು ನೋಡಿದ್ದಳು, ಹಳೇದಕ್ಕೆ ಬಣ್ಣ ಬಳಿದಿದ್ದಾನೋ ಏನೋ ಎಂದು. ಬೊಮ್ಮನಹಳ್ಳಿಯ ಮೆಕ್ಯಾನಿಕ್ ಒಬ್ಬ ಇದೇ ಜೀಪಿನ ಡೈನಮೋ ಬದಲಾಯಿಸಿ ಗುಜರಿ ಡೈನಮೋ ಕೂರಿಸಿ ಕಳಿಸಿದ್ದ. ಅವತ್ತಿನಿಂದ ಸ್ಪ್ಯಾನರ್ ಹಿಡಿದವರೆಲ್ಲ ಅವಳ ಕಣ್ಣಿಗೆ ಒಂದೇ ಆಗಿದ್ದರು. ಇವನಂತೂ ಸ್ಪ್ಯಾನರ್ ಹಿಡಿದವನೂ ಹೌದು, ದಾಯಾದಿಯೂ ಹೌದು.

ಸಂಜೆ ಮುನಿಯಣ್ಣ ಸೈಕಲ್ಲೇರಿ ಹೋದ ಮೇಲೆ ಅವಳು ಮರದ ಹತ್ತಿರ ಹೋದಳು. ಐದು ಮತ್ತು ಮೂರು. ಒಂದು ಕೈಗೆ ಐದು, ಒಂದು ಕೈಗೆ ಮೂರು ಬಳೆ ತೊಡುವವರನ್ನು ಯಾರಾದರೂ ಕಂಡಿದ್ದಾರೆಯೇ? ಎರಡು ಕಡೆಯ ಚಕ್ರವೂ ಒಂದೇ ಅಂದಮೇಲೆ ಎರಡು ಕಡೆಯ ಲೆಕ್ಕವೂ ಒಂದೇ ಇರಬೇಕು. ಇವನು ಬೇಕೆಂದೇ ಒಂದು ಕಡೆ ಹೆಚ್ಚು ತೂಗುಹಾಕಿದ್ದಾನೆ, ನಾಳೆ ಅದರಲ್ಲೊಂದನ್ನು ಜೇಬಿಗಿಳಿಸಿದರೆ ಯಾರಿಗೂ ಗೊತ್ತಾಗಬಾರದು ಅಂತ. ಸಮವಾಗಿದ್ದರೆ ಒಂದು ಕಡಿಮೆಯಾದರೂ ಕಣ್ಣಿಗೆ ಹೊಡೆಯುತ್ತದೆ. ಐದರಲ್ಲಿ ಮುಂದಿದ್ದುದನ್ನು ತೆಗೆದಳು. ಅದರ ಅಂಚಿನಲ್ಲಿ ನವಿಲಿನ ಕತ್ತಿನ ಬಣ್ಣದ ಒಂದು ಸುಟ್ಟ ಕಲೆ ಇತ್ತು. ಅದನ್ನು ಈಚೆಯ ಮೊಳೆಗೆ ಹಾಕಿದಳು. ನಾಲ್ಕು, ನಾಲ್ಕು. ಅವಳ ಮನಸ್ಸಿಗೆ ಸಮಾಧಾನವಾಯಿತು.

ಮಾರನೇ ದಿನ ಮುನಿಯಣ್ಣ ಬಂದವನೇ ಮೊಳೆಯಲ್ಲಿದ್ದುದನ್ನು ಎಣಿಸದೆ ಗೊಂಚಲಾಗಿಯೇ ತೆಗೆದು ಆಕ್ಸಲ್ಲಿಗೆ ಹಾಕತೊಡಗಿದ. ಮಿಲಿಟರಿಯ ಪಾಠ ಅದು. ನೆನಪನ್ನು ನಂಬಬಾರದು, ಮೊಳೆಯನ್ನು ನಂಬಬೇಕು. ಒಬ್ಬನ ಸಾಮಾನನ್ನು ಇನ್ನೊಬ್ಬ ಮುಟ್ಟುವುದು ಅವನು ಕಂಡ ಜಗತ್ತಿನಲ್ಲಿರಲಿಲ್ಲ. ಕೂರಿಸಿ ಕೈಯಲ್ಲಿ ತಿರುಗಿಸಿದಾಗ ಕೊಂಚ ಬಿಗಿ ಅನಿಸಿತು. ಚಿಕ್ಕಬೈರಪ್ಪ ಆಗಲೇ ಕೆರೆ ಏರಿಯ ಮೇಲೆ ಬಂದು ನಿಂತಿದ್ದಾನೆಂದು ಗೋಪಾಲಪ್ಪ ಅವಸರಪಡಿಸುತ್ತಿದ್ದ. ಹೊಸ ಬೇರಿಂಗ್ ಅಲ್ಲವೇ, ಬಿಗಿ ಇರುತ್ತದೆ ಎಂದುಕೊಂಡು ಮುಚ್ಚಳ ಬಿಗಿದು ಆಯಿಲ್ ತುಂಬಿದ.

"ತಿರುವಿನಲ್ಲಿ ಟಕ್ ಟಕ್ ಅಂತದೆ ಅಣ್ಣ. ಅದು ಲಾಕರ್‌ನ ಗುಣ, ಗಾಬರಿ ಆಗ್ಬೇಡ."

ಜೀಪು ಅಂಗಳದಿಂದ ತಿರುಗಿದ್ದೇ ತಡ, ಟಕ್ ಟಕ್ ಎಂದಿತು.

"ನೋಡಿದ್ರಾ! ಮೊದ್ಲೇ ಏಳಿ ಇಟ್ಬಿಟ್ಟವ್ನೆ, ಆಮೇಲೆ ಯಾರೂ ಕೇಳ್ಬಾರ್ದು ಅಂತ" ಎಂದಳು ಭಾಗ್ಯಮ್ಮ, ಪಕ್ಕದ ಮನೆಯ ಅಂಜನಮ್ಮನಿಗೆ ಕೇಳಿಸುವ ಹಾಗೆ.

ಕೆರೆಯಂಗಳದಲ್ಲಿ ಮಣ್ಣು ತುಂಬಿದ ಟ್ರೈಲರ್ ಎಳೆದುಕೊಂಡು ಜೀಪು ಕೆಸರಿನಲ್ಲಿ ಒಂದು ಸಲ ತಡವರಿಸಿತು. ಆಮೇಲೆ ಹಿಂದಿನ ಎರಡು ಚಕ್ರಗಳೂ ಒಟ್ಟಿಗೆ ಕಚ್ಚಿಕೊಂಡು, ನಿಂತ ಜನ ಬಾಯಿ ತೆರೆದು ನೋಡುವಂತೆ ದಿಬ್ಬ ಹತ್ತಿಬಿಟ್ಟಿತು. ಗೋಪಾಲಪ್ಪನ ಮುಖ ಅರಳಿತು. ಅರಳಿದ್ದು ಗೂಡಿನ ದಾರಿಯ ತನಕ ಮಾತ್ರ. ನೇರ ರಸ್ತೆಗೆ ಬಂದ ಕೂಡಲೇ ಹಿಂದಿನಿಂದ ಗುಯ್ ಎಂದು ಒಂದೇ ಸಮ ಕೂಗು ಶುರುವಾಯಿತು. ಜೊತೆಗೆ ಕಾದ ಎಣ್ಣೆಯ ಕಮಟು ವಾಸನೆ.

"ದಿಬ್ಬ ಅತ್ತೇನೋ ಅತ್ತಿತು ಕಣಪ್ಪ. ಈ ಅರಚಾಟ ಇಟ್ಕೊಂಡು ಎಷ್ಟು ದಿನ ಬಾಳ್ತದೆ?" ಎಂದ ಚಿಕ್ಕಬೈರಪ್ಪ. "ನಾಳೆ ಬೆಳಗ್ಗೆ ಸದ್ದಿಲ್ದಂಗೆ ತಗೊಂಡು ಬಾ. ಇಲ್ದಿದ್ರೆ ಟ್ರ್ಯಾಕ್ಟರ್‌ನೋನಿಗೆ ಏಳಿಬಿಡ್ತೀನಿ."

ಮಧ್ಯಾಹ್ನ ಜೀಪು ಮತ್ತೆ ಹುಣಸೆಮರದ ಬುಡಕ್ಕೆ ಬಂತು. ಮುನಿಯಣ್ಣ ಕೆಳಗೆ ತೂರಿದ. ಆಯಿಲ್ ಇಳಿಸಿ, ಮುಚ್ಚಳ ತೆಗೆದು, ಪುಲ್ಲರ್ ಹಾಕಿ ಹೊಸ ಬೇರಿಂಗ್‌ಗಳನ್ನು ಎಳೆದ. ಎಡಗಡೆಯಿಂದ ಬಂದ ಶಿಮ್ಮುಗಳನ್ನು ಎಡದ ಮೊಳೆಗೆ, ಬಲಗಡೆಯವನ್ನು ಬಲದ ಮೊಳೆಗೆ ಗೊಂಚಲಾಗಿಯೇ ಹಾಕಿದ. ಗೇರಿನ ಹಲ್ಲುಗಳ ಮೇಲೆ ಬೆರಳಾಡಿಸಿ ನೋಡಿದ.

"ಹಲ್ಲು ಹಲ್ಲಿಗೆ ತೀರಾ ಒತ್ತಿಕೊಂಡಿದೆ ಅಣ್ಣ. ನಿನ್ನೆ ಸರಿ ಇತ್ತು. ಸರಿ ಇತ್ತು ಅಂತ ನಾನು ಅಂದ್ಕೊಂಡಿದ್ದೆ."

"ಅಂದ್ಕೊಂಡಿದ್ದೆ ಅಂದ್ರೆ?" ಗೋಪಾಲಪ್ಪನ ದನಿ ಏರಿತು. "ಕೈಲಿ ಆಗ್ದಿದ್ರೆ ಆಗಲ್ಲ ಅನ್ಬೇಕಾಗಿತ್ತು ಕಣ್ಲಾ. ನಾನು ಊರೋರ ಮುಂದೆಲ್ಲ ನನ್ ತಮ್ಮ, ನನ್ ತಮ್ಮ ಅಂತ ಮೆರೆದೆ. ಇವಳು ಏಳ್ತಾನೇ ಇದ್ಲು."

ಇವಳು ಒರಳುಕಲ್ಲಿನ ಮೇಲೆ ಕೂತಿದ್ದಳು. ಅವಳ ಕಣ್ಣು ಮೊಳೆಗಳ ಮೇಲಿತ್ತು. ನಾಲ್ಕು, ನಾಲ್ಕು. ಎಡದ ಮೊಳೆಯಲ್ಲಿ ನವಿಲುಬಣ್ಣದ ಕಲೆಯ ಬಳೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಭಾಗ್ಯಮ್ಮನ ಕೈ ತಾನಾಗಿಯೇ ಸೆರಗಿನೊಳಗೆ ಸೇರಿಕೊಂಡಿತು. ಮೂರೂ ಐದೂ ಲೆಕ್ಕವಿಲ್ಲದೆ ಹಾಕಿದ್ದಲ್ಲ, ಅಳೆದು ಹಾಕಿದ್ದು ಎಂಬುದು ಈಗ ಅವಳಿಗೆ ಹೊಳೆಯಿತು.

"ನೀನು ಅನ್ನೋದು ಸರಿ ಅಣ್ಣ" ಎಂದ ಮುನಿಯಣ್ಣ. "ಕಣ್ಣು ಮಂಜಾಗ್ತಾ ಇದೆ. ನನ್ನ ಕೈಯಾರೆ ಅಳೆದು ಇಟ್ಟಿದ್ದೇ ಹಿಂಗಾಯ್ತು ಅಂದ್ರೆ, ಇನ್ನು ಬೇರೆಯವರ ಗಾಡಿ ಮುಟ್ಟೋದು ತಪ್ಪಾಗ್ತದೆ. ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ತೀನಿ. ಶೆಡ್ಡು ಮುಚ್ಚಿಬಿಡ್ತೀನಿ."

ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಣಿಚೀಲಕ್ಕೆ ಹಾಕತೊಡಗಿದ. ಅಣ್ಣನಾಗಲಿ ತಮ್ಮನಾಗಲಿ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭಾಗದ ದಿನವೂ ಇದೇ ಅಂಗಳದಲ್ಲಿ ಇಬ್ಬರೂ ಹೀಗೇ ನಿಂತಿದ್ದರು.

ಸುಮ್ಮನಿದ್ದುಬಿಡುವುದು ಸುಲಭವಿತ್ತು. ಯಾರೂ ಕಂಡಿರಲಿಲ್ಲ. ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ತಾನು ಎಣಿಸಿದ್ದೆಲ್ಲ ಹೀಗೇ ಇದ್ದರೆ? ಹಂಡೆಯ ವಿಷಯವೂ ಹೀಗೇ ಇದ್ದರೆ?

ಭಾಗ್ಯಮ್ಮ ಒರಳುಕಲ್ಲಿನಿಂದ ಎದ್ದಳು. ಮರದ ಹತ್ತಿರ ಹೋಗಿ ಎಡದ ಮೊಳೆಯ ನಾಲ್ಕನ್ನೂ ಅಂಗೈಗೆ ಇಳಿಸಿಕೊಂಡಳು. ಕಲೆಯಿದ್ದುದನ್ನು ಹುಡುಕಿ ಬಲದ ಮೊಳೆಗೆ ಹಾಕಿದಳು. ಮಿಕ್ಕ ಮೂರನ್ನು ಇದ್ದಲ್ಲಿಗೇ ಹಾಕಿದಳು. ಅವಳ ಗಾಜಿನ ಬಳೆಗಳು ಸದ್ದು ಮಾಡಿದವು.

"ಏಯ್, ಏನ್ ಮಾಡ್ತಾ ಇದೀಯ ಅಲ್ಲಿ? ನಿನಗೇನ್ ಗೊತ್ತು ಅದು?" ಎಂದ ಗೋಪಾಲಪ್ಪ.

ಅವಳು ಕಲೆಯ ಬಳೆಯ ಮೇಲೆ ಬೆರಳಿಟ್ಟಳು. ಆಮೇಲೆ ಅದೇ ಬೆರಳನ್ನು ತನ್ನ ಎದೆಗೆ ಒತ್ತಿಕೊಂಡಳು.

ಸ್ಪ್ಯಾನರ್ ಒರೆಸುತ್ತಿದ್ದ ಮುನಿಯಣ್ಣನ ಕೈ ನಿಂತಿತು. ಮೊಳೆಗಳನ್ನು ನೋಡಿದ. ಐದು, ಮೂರು. ಆಮೇಲೆ, ಇಲ್ಲಿಗೆ ಬಂದಂದಿನಿಂದ ಮೊದಲನೇ ಸಲ, ಅತ್ತಿಗೆಯ ಮುಖ ನೋಡಿದ. ಅವಳ ಕಣ್ಣು ತುಂಬಿತ್ತು. ಅವನು ಚೀಲದಿಂದ ಸುತ್ತಿಗೆಯನ್ನು ಮತ್ತೆ ಹೊರಗೆ ತೆಗೆದ.

"ಅಣ್ಣ, ನೀನು ಸ್ವಲ್ಪ ಸೀಮೆಎಣ್ಣೆ ತಗೊಂಡು ಬಾ" ಎಂದ.

ಗೋಪಾಲಪ್ಪ ಏನೂ ಅರ್ಥವಾಗದೆ ಗೊಣಗಿಕೊಳ್ಳುತ್ತ ಒಳಗೆ ಹೋದ. ಮುನಿಯಣ್ಣ ಜೀಪಿನ ಅಡಿಗೆ ತೂರಿ, ಅಂಗಾತ ಮಲಗಿ, ಮಸಿ ಹಿಡಿದ ಅಂಗೈಯನ್ನು ಹೊರಗೆ ಚಾಚಿದ.

"ಬಲಗಡೇದು ಮೊದಲು ಕೊಡಿ ಅತ್ತಿಗೆ."