ಈ ವಾರ ನೀವು ಸುರಕ್ಷಿತ

"ಅತ್ತಿಗೆ, ಅಣ್ಣ ತೀರಿಕೊಂಡು ಏಳು ತಿಂಗಳಾಯ್ತು. ಈ ಸಾಲ ತಗೊಂಡಿರೋದು ಮೂರು ತಿಂಗಳ ಹಿಂದೆ. ಸತ್ತೋರು ಎದ್ದು ಹೋಗಿ ಸಾಲ ಕೇಳ್ತಾರಾ?"

ಸಾಲದವರು ಅಂಗಡಿಯ ಶಟರಿಗೆ ಅಂಟಿಸಿದ್ದ ನೋಟೀಸನ್ನು ಮೈದುನ ಕಿತ್ತು ತಂದು ಮೇಜಿನ ಮೇಲೆ ಹರಡಿದ್ದ. ಹತ್ತು ದಿನದಲ್ಲಿ ಬಾಕಿ ಕಟ್ಟದಿದ್ದರೆ ಕೀ ಕೊರೆಯುವ ಯಂತ್ರ ಸಮೇತ ಅಂಗಡಿಯ ಸಾಮಾನೆಲ್ಲ ಎತ್ತಿಕೊಂಡು ಹೋಗುತ್ತಾರಂತೆ. ಗಂಡ ಬಿಟ್ಟುಹೋದದ್ದು ಅದೊಂದೇ ಯಂತ್ರ; ಅವಳ ಹೊಟ್ಟೆಪಾಡೂ ಅದೇ.

ಅವಳ ಕಣ್ಣು ಡ್ರಾಯರಿನ ಮೇಲಿತ್ತು. ಅದರೊಳಗೆ, ಕೊರೆಯದ ಕೀಗಳ ಡಬ್ಬಿಯ ಪಕ್ಕ, ಗಂಡನ ಫೋನು ಚಾರ್ಜಿಗೆ ಹಾಕಿದ ಹಾಗೇ ಇತ್ತು.

ಆ ಫೋನಿಗೆ ಪ್ರತಿ ಸೋಮವಾರ ಬೆಳಿಗ್ಗೆ ಹತ್ತಕ್ಕೆ ಒಂದು ಸಂದೇಶ ಬರುತ್ತಿತ್ತು. ಬದುಕಿದ್ದಾಗ ಆ ಪುಣ್ಯಾತ್ಮ, ಉಚಿತ ಅಂದದ್ದನ್ನು ನಂಬಿ, ತನ್ನ ಹೆಸರಲ್ಲಿ ಬೇರೆ ಯಾರೂ ಸಾಲ ಎತ್ತದಂತೆ ಕಾಯುವ ಕಂಪನಿಯೊಂದಕ್ಕೆ ಸೇರಿಕೊಂಡಿದ್ದ. "ನಮಸ್ಕಾರ! ಈ ವಾರ ನೀವು ಸುರಕ್ಷಿತವಾಗಿದ್ದೀರಿ." ಅವನು ಮಣ್ಣು ಸೇರಿದ ಮೇಲೂ ಅದೇ ಮಾತು! ಮೊದಲ ಸಲ ಓದಿ ಅವಳು ಬಿಕ್ಕಿ ಬಿಕ್ಕಿ ಅತ್ತಿದ್ದಳು. ಆಮೇಲಾಮೇಲೆ ಸೋಮವಾರಕ್ಕೇ ಕಾಯತೊಡಗಿದಳು. ಅವನು ಎಲ್ಲೋ ಇದ್ದಾನೆ, ಚೆನ್ನಾಗಿದ್ದಾನೆ ಅನ್ನೋ ಸುದ್ದಿ ಅದೊಂದೇ ಕಡೆಯಿಂದ ಬರುತ್ತಿತ್ತು. ಗಿರಾಕಿಗಳು ಕೇಳಿದರೆ "ಹೊರಗೆ ಹೋಗಿದಾರೆ" ಅನ್ನುವುದೂ ರೂಢಿಯಾಯಿತು.

ಮಧ್ಯೆ ಮಧ್ಯೆ "ನಿಮಗಾಗಿಯೇ ಮಂಜೂರಾದ ಸಾಲ! ಇವತ್ತೇ ಕೊನೆ!" ಅಂತ ಅದೇ ಕಂಪನಿ ಆಸೆ ತೋರಿಸುವುದೂ ಇತ್ತು. ಆ ಕೊನೆಯ ದಿನ ವಾರಕ್ಕೆರಡು ಸಲ ಬರುತ್ತಿತ್ತು. ಅದಕ್ಕೆಲ್ಲ ಅವಳು ಸೊಪ್ಪು ಹಾಕುತ್ತಿರಲಿಲ್ಲ. ಆದರೆ ಮೂರು ತಿಂಗಳ ಹಿಂದೆ ಬಂದದ್ದು ಬೇರೆ. "ನಿಮ್ಮ ಹೆಸರಲ್ಲಿ ಸಾಲ ಕೇಳಲಾಗಿದೆ. ಕೇಳಿದ್ದು ನೀವೇನಾ?" ಕೆಳಗೆ ಎರಡು ಗುಂಡಿ. ಹೌದು, ನಾನೇ. ಅಲ್ಲ, ನಾನಲ್ಲ.

"ಹೌದು ಅಂತ ಒತ್ತಿದ್ದು ಯಾರು?" ಮೈದುನ ಫೋನು ತೆಗೆದು ನೋಡಿ ಕೇಳಿದ.

"ನಾನೇ ಕಣಪ್ಪ. ಅಲ್ಲ ಅಂತ ಒತ್ತೋಕೆ ಬೆರಳೇ ಬರಲಿಲ್ಲ. ಒತ್ತಿದ್ರೆ ಅವರು ಇಲ್ಲ ಅಂತ ನನ್ನ ಕೈಯಾರೆ ಹೇಳಿದ ಹಾಗಾಗ್ತಿತ್ತಲ್ಲ."

ಅವನು ತಲೆ ಚಚ್ಚಿಕೊಂಡ. "ಅಯ್ಯೋ ಅತ್ತಿಗೆ! ಮುಖ ನೋಡದೆ ಅಣ್ಣ ಯಾರಿಗಾದ್ರೂ ಒಂದು ಕೀ ಕೊರೆದು ಕೊಟ್ಟಿದ್ದುಂಟಾ? ಯಾವನೋ ಕಳ್ಳನಿಗೆ ಅಣ್ಣನ ಹೆಸರನ್ನೇ ಎತ್ತಿ ಕೊಟ್ಟುಬಿಟ್ರಲ್ಲ!"

ಸುಳ್ಳೇನಲ್ಲ. "ಯಾರ ಮನೆ ಕೀ ಇದು? ಸ್ವಲ್ಪ ಮುಖ ಎತ್ತಿ" ಅನ್ನದೆ ಗಂಡ ಯಂತ್ರ ಚಾಲೂ ಮಾಡಿದವನೇ ಅಲ್ಲ. ಗಿರಾಕಿ ತಡವರಿಸಿದರೆ ಕೀ ವಾಪಸು. ಅವಳಿಗೆ ನಾಚಿಕೆಯಿಂದ ಭೂಮಿಗಿಳಿದುಹೋದ ಹಾಗಾಯಿತು.

"ಕಂಪನಿಗೆ ಮರಣಪತ್ರ ಕಳಿಸಿದ್ರೆ ಸಾಲ ಅಣ್ಣಂದಲ್ಲ ಅಂತ ಹೊಡೆದಾಡಬಹುದು," ಮೈದುನನ ದನಿ ತಗ್ಗಿತು. "ಆದ್ರೆ ಹೆಸರು ತೆಗೆದುಹಾಕ್ತಾರೆ. ಸೋಮವಾರದ್ದು ಮತ್ತೆ ಬರಲ್ಲ."

"ಕೊಡಿಲ್ಲಿ. ಮರಣಪತ್ರ ಕಳಿಸೋ ಗುಂಡಿ ನಾನೇ ಒತ್ತುತ್ತೀನಿ."

ಮುಂದಿನ ಸೋಮವಾರ ಹತ್ತಾಯಿತು, ಹತ್ತೂಕಾಲಾಯಿತು. ಡ್ರಾಯರು ತುಟಿಪಿಟಕ್ ಅನ್ನಲಿಲ್ಲ. ಹಳೇ ಗಿರಾಕಿಯೊಬ್ಬಳು ಬಂದು ಕೀ ಚಾಚಿದಳು. "ಯಜಮಾನ್ರು ಇವತ್ತೂ ಹೊರಗೆ ಹೋಗಿದಾರಾ?"

"ಇಲ್ಲಮ್ಮ. ತೀರಿಕೊಂಡ್ರು."

ಗಿರಾಕಿ ತಲೆ ತಗ್ಗಿಸಿದಳು. ಇವಳು ಕೀಯನ್ನು ತಗೊಂಡು ಯಂತ್ರದ ಮುಂದೆ ಕೂತಳು.

"ಯಾರ ಮನೆ ಕೀ ಇದು? ಸ್ವಲ್ಪ ಮುಖ ಎತ್ತಿ."